ಹಿತ್ತಲಿಲ್ಲದ ಮನೆಗೆ ಬೆಕ್ಕು

ಪುಟ್ಟೀ,

ನೀನು ಕಳಿಸಿದ ಫೋಟೋ ನೋಡಿದೆ. ಬಿಳಿ ಪರ್ಷಿಯನ್ ಮರಿ, ಚಪ್ಪಟೆ ಮೂತಿ, ಕುತ್ತಿಗೆಗೊಂದು ನೀಲಿ ರಿಬ್ಬನ್ನು. ಕೆಳಗೆ ಒಂದೇ ಸಾಲು: 'ದೊಡ್ಡಪ್ಪಾ, ಇದನ್ನ ತಗೊಳ್ಳಲಾ?' ನಿನ್ನ ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ನೋಡಿ, 'ಎಷ್ಟು ಚೆಂದ ಇದೆ, ತಗೊಳ್ಳಲಿ ಬಿಡಿ' ಎಂದಳು. ದನದ ಆಸ್ಪತ್ರೆಯಲ್ಲಿ ಆಯುಷ್ಯ ಕಳೆದವನಿಗೆ ಅಷ್ಟು ಸಲೀಸಾಗಿ ಹೂಂ ಅನ್ನಲಿಕ್ಕೆ ಬರುವುದಿಲ್ಲ ಮಾರಾಯ್ತಿ. ಅದಕ್ಕೇ ಈ ಉದ್ದದ ಉತ್ತರ. ಪುರುಸೊತ್ತಾದಾಗ ಓದು. ಅಳಿಯಂದಿರಿಗೂ ಓದಿಸು, ಇದರಲ್ಲಿ ಅವರ ಪಾಲಿನ ಕೆಲಸವೂ ಇದೆ.

ಬೆಕ್ಕು ನಿನಗೆ ಹೊಸದಲ್ಲ. ನಮ್ಮ ಮನೆಯಲ್ಲಿ ಬೆಕ್ಕಿಲ್ಲದ ದಿನವನ್ನು ನೀನು ಕಂಡೇ ಇಲ್ಲ. ಆದರೆ ನೆನಪು ಮಾಡಿಕೊಂಡು ನೋಡು, ಅವುಗಳನ್ನು ನಾವು ಸಾಕಿದ್ದು ಎಲ್ಲಿ? ಅಟ್ಟದ ಗೋಣಿಚೀಲಗಳ ಸಂದಿಯಲ್ಲಿ ಹುಟ್ಟುತ್ತಿದ್ದವು. ತಾಯಿ ಬೆಕ್ಕು ಏಳು ಮನೆ ಸುತ್ತಿಸಿ, ಯಾವತ್ತೋ ಒಂದು ದಿನ ಮರಿಗಳನ್ನು ಅಡುಗೆಮನೆಗೆ ತಂದು ಬಿಡುತ್ತಿತ್ತು. ಕೊಟ್ಟಿಗೆಯಲ್ಲಿ ಇಲಿ, ತೋಟದಲ್ಲಿ ಓತಿಕ್ಯಾತ, ಕೆದರಿ ಮುಚ್ಚಲು ಬೇಕಾದಷ್ಟು ಮಣ್ಣು, ಉಗುರು ಮಸೆಯಲು ಹಲಸಿನ ಮರ, ನಾಯಿ ಬಂದರೆ ಹತ್ತಿ ಕೂರಲು ಹೆಂಚಿನ ಮಾಡು. ನಮ್ಮ ಪಾಲಿಗೆ ಉಳಿದದ್ದು ಗೆರಟೆಯಲ್ಲಿ ಒಂದಿಷ್ಟು ಹಾಲನ್ನ ಹಾಕುವುದು. ಸಾಕಿದ್ದು ಹಿತ್ತಲು. ನಿನ್ನದು ಒಂಬತ್ತನೇ ಮಹಡಿ, ಅಲ್ಲಿ ಹಿತ್ತಲು ಮಾಡುತ್ತಿದ್ದ ಕೆಲಸವನ್ನೆಲ್ಲ ನೀನೇ ಮಾಡಬೇಕು. ಯಾವ ಬೆಕ್ಕು ತರಲಿ ಅನ್ನುವ ಪ್ರಶ್ನೆಗಿಂತ ಮುಂಚೆ ಇದೊಂದು ತಲೆಯಲ್ಲಿರಲಿ.

ಹಿತ್ತಲನ್ನು ಹೊಗಳುತ್ತಿದ್ದೇನೆ ಅಂತಲ್ಲ. ಅಲ್ಲಿ ಹುಟ್ಟಿದ ಮರಿಗಳಲ್ಲಿ ವರ್ಷ ದಾಟಿದವೇ ಕಡಿಮೆ. ನಾಯಿ, ಹಾವು, ಲಾರಿ, ಗಡವ ಬೆಕ್ಕುಗಳ ಕಚ್ಚಾಟ, ಯಾರೋ ಇಲಿಗೆ ಇಟ್ಟ ಪಾಷಾಣ. ಸತ್ತರೆ ಅಯ್ಯೋ ಅಂದು ಇನ್ನೊಂದಕ್ಕೆ ಅನ್ನ ಹಾಕಿದೆವು. ಮನೆಯೊಳಗೇ ಇರುವ ಬೆಕ್ಕು ಚೆನ್ನಾಗಿ ನೋಡಿಕೊಂಡರೆ 12ರಿಂದ 15 ವರ್ಷ ಬಾಳುತ್ತದೆ, 18 ದಾಟಿದ್ದೂ ಉಂಟು. ನಿನಗೀಗ 28. ಲೆಕ್ಕ ನೀನೇ ಹಾಕಿಕೊ. ಅಷ್ಟರೊಳಗೆ ನಿನಗೆ ಮಕ್ಕಳಾಗುತ್ತವೆ, ಕೆಲಸ ಬದಲಾಗುತ್ತದೆ, ಎರಡು ಮೂರು ಬಾಡಿಗೆ ಮನೆಯಾದರೂ ಬದಲಾಗುತ್ತದೆ. ಈಗಿನ ಓನರಿಗೆ ಬೆಕ್ಕಿನ ವಿಷಯ ಮೊದಲೇ ಹೇಳಿ ಅಗ್ರಿಮೆಂಟಿನಲ್ಲಿ ಬರೆಸಿಕೊ. ಬಾಯಿಮಾತಿನ 'ಪರವಾಗಿಲ್ಲ' ಸೋಫಾ ಹರಿಯುವ ತನಕ ಮಾತ್ರ.

ಊಟದಿಂದಲೇ ಶುರು ಮಾಡುತ್ತೇನೆ, ನಮ್ಮಂಥ ಮನೆಗಳಲ್ಲಿ ತೊಡಕಿರುವುದೇ ಅಲ್ಲಿ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿನಗೆ ಗೊತ್ತಲ್ಲ, ಸುಡುಹಾಲು ಕುಡಿಸಿದ ಮೇಲೆ ಹಾಲು ಕಂಡರೆ ಓಡುತ್ತಿದ್ದ ಬೆಕ್ಕು. ನಾವು ನಗುವುದು ಯಾಕೆ? ಹಾಲು ಬೇಡವೆನ್ನುವ ಬೆಕ್ಕು ಲೋಕದಲ್ಲಿ ಇರಲಿಕ್ಕಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಹಾಲನ್ನು ಬೆಕ್ಕು ಆಸೆಪಟ್ಟು ಕುಡಿಯುತ್ತದೆ ನಿಜ, ಅರಗುವುದು ಬೇರೆ ಮಾತು. ಮರಿತನ ಕಳೆದ ಮೇಲೆ ಹಾಲಿನಲ್ಲಿರುವ ಸಕ್ಕರೆಯನ್ನು ಒಡೆಯುವ ಶಕ್ತಿ ಹೆಚ್ಚಿನ ಬೆಕ್ಕುಗಳಲ್ಲಿ ಕುಗ್ಗಿಬಿಡುತ್ತದೆ. ಕುಡಿದದ್ದು ಭೇದಿಯಾಗಿ ಹೊರಗೆ ಬರುತ್ತದೆ. ಸಣ್ಣ ಮರಿಗೆ ಭೇದಿ ಎಂದರೆ ಒಂದೆರಡು ದಿನದಲ್ಲಿ ನೀರು ಆರಿ ಜೀವಕ್ಕೇ ಬರಬಹುದು.

ಇನ್ನು ಅನ್ನ. ನಾಯಿ ಅನ್ನ ಸಾರಿನಲ್ಲಿ ಹೇಗೋ ಕಾಲ ಹಾಕೀತು, ಬೆಕ್ಕಿಗೆ ಆಗುವುದಿಲ್ಲ. ಅದು ಹುಟ್ಟಾ ಮಾಂಸಾಹಾರಿ. ಸಿಹಿಯ ರುಚಿ ಕೂಡ ಅದರ ನಾಲಿಗೆಗೆ ತಿಳಿಯದು, ಅದಕ್ಕೆ ಬೇಕಾದ ಜೀನು ಕೆಟ್ಟು ಕೂತಿದೆ. ಕ್ಯಾರೆಟ್ಟು ಸೊಪ್ಪಿನಿಂದ ನಾವು ವಿಟಮಿನ್ ಎ ಮಾಡಿಕೊಳ್ಳುತ್ತೇವೆ, ಬೆಕ್ಕು ಮಾಡಿಕೊಳ್ಳಲಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಟಾರಿನ್ ಎಂಬ ಸತ್ವ. ಬೆಕ್ಕಿನ ಮೈ ಅದನ್ನು ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ, ಮಾಂಸ ಮೀನಿನಿಂದಲೇ ಬರಬೇಕು. ಕೊರತೆಯಾದರೆ ಮೊದಲು ಏನೂ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಕಳೆದ ಮೇಲೆ ದೃಷ್ಟಿ ಹೋಗುತ್ತದೆ, ಹೃದಯದ ಗೋಡೆ ತೆಳ್ಳಗಾಗಿ ಹಿಗ್ಗಿ ಸೋಲುತ್ತದೆ. 1987ರಲ್ಲಿ ಅಮೆರಿಕದ ಪಾಲ್ ಪಿಯಾನ್ ಮತ್ತು ಜೊತೆಯವರು ಇಂಥ ಹೃದಯದ ಬೆಕ್ಕುಗಳಿಗೆ ಟಾರಿನ್ ಕೊಟ್ಟು, ಅವು ಚೇತರಿಸಿಕೊಂಡದ್ದನ್ನು ತೋರಿಸಿದರು. ಬೆಕ್ಕಿನ ಆಹಾರ ಮಾಡುವ ಕಂಪನಿಗಳು ಟಾರಿನ್ ಪ್ರಮಾಣ ಏರಿಸಿದ್ದು ಆಮೇಲೆ.

ಹಾಗಾದರೆ ನಮ್ಮ ಅಟ್ಟದ ಬೆಕ್ಕು ಹಾಲನ್ನ ತಿಂದುಕೊಂಡು ಹೇಗಿತ್ತು ಎಂದು ನೀನು ಕೇಳುತ್ತೀಯ. ಅದು ಹಾಲನ್ನದಲ್ಲಿ ಬದುಕಲಿಲ್ಲ ಪುಟ್ಟೀ. ರಾತ್ರಿಯಿಡೀ ಇಲಿ ಹಿಡಿದು, ಹೃದಯ ಪಿತ್ತಜನಕಾಂಗ ಸಮೇತ ನುಂಗಿ, ಬೆಳಿಗ್ಗೆ ನಮ್ಮೆದುರು ಸಾಧುವಾಗಿ ಕೂತು ಹಾಲನ್ನ ನೆಕ್ಕುತ್ತಿತ್ತು. ನಾವು ಶುದ್ಧ ಸಸ್ಯಾಹಾರಿಗಳ ಮನೆಯ ಬೆಕ್ಕೂ ಸಸ್ಯಾಹಾರಿ ಎಂದುಕೊಂಡು ಬೀಗುತ್ತಿದ್ದೆವು. ನಿನ್ನ ಫ್ಲ್ಯಾಟಿನಲ್ಲಿ ಇಲಿ ಇಲ್ಲ. ಅಲ್ಲಿ ಹಾಲನ್ನ, ಮೊಸರನ್ನ ಹಾಕಿದರೆ ಅದು ಬರೀ ಹಾಲನ್ನ, ಮೊಸರನ್ನವೇ.

ಆದ್ದರಿಂದ ಮೀನು, ಕೋಳಿಯ ಪ್ಯಾಕೆಟ್ ಆಹಾರ ನಿನ್ನ ಮನೆಯೊಳಗೆ ಬರಲೇಬೇಕು. ಮರಿಗೆ ಮರಿಯದ್ದೇ, ವರ್ಷ ತುಂಬುವವರೆಗೆ. ಒಣ ಕಾಳಿನ ಜೊತೆಗೆ ದಿನಕ್ಕೊಮ್ಮೆಯಾದರೂ ರಸವಿರುವ ಆಹಾರ ಕೊಡು. ಬೆಕ್ಕಿನ ಮೂಲ ಒಣ ಸೀಮೆಯ ಕಾಡುಬೆಕ್ಕು, ಅದಕ್ಕೆ ಬಾಯಾರಿಕೆ ಕಡಿಮೆ, ತಾನಾಗಿ ನೀರು ಕುಡಿಯುವುದು ಸಾಲದು. ನೀರಿನ ಬಟ್ಟಲನ್ನು ಊಟದ ಪಕ್ಕ ಇಡಬೇಡ, ದೂರ ಎರಡು ಕಡೆ ಇಡು, ಹೋಗಿ ಬರುವಾಗ ಕುಡಿಯುತ್ತದೆ. ಈಗ ನಿನ್ನ ಅತ್ತೆಯವರ ವಿಷಯ. ಮಡಿ ಇರುವವರು, ಮೀನಿನ ವಾಸನೆಯ ಪೊಟ್ಟಣ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಕೂತಿದ್ದರೆ ಸಹಿಸಿಯಾರೇ? ಬೆಕ್ಕು ಬರುವ ಮುಂಚೆ ಎದುರು ಕೂತು ಬಿಡಿಸಿ ಮಾತಾಡು. ಯುಟಿಲಿಟಿಯಲ್ಲಿ ಜಾಗ ಮಾಡು, ಬಟ್ಟಲು, ಚಮಚ, ತೊಳೆಯುವ ನಾರು ಎಲ್ಲ ಬೇರೆ ಇರಲಿ, ಅಡುಗೆಮನೆಯ ಕಟ್ಟೆಗೆ ಅದು ಯಾವುದೂ ಬಾರದಿರಲಿ. ಅವರು 'ನೋಡೋಣ' ಅಂದರೆ ಅದು ಒಪ್ಪಿಗೆಯಲ್ಲ, ನಮ್ಮ ಕಡೆ 'ನೋಡೋಣ' ಅಂದರೆ ಏನರ್ಥ ಅಂತ ನಿನಗೂ ಗೊತ್ತು. ಬೇಡವೇ ಬೇಡ ಅಂದರೆ ಬೆಕ್ಕಿನ ಆಸೆ ಸದ್ಯಕ್ಕೆ ಬಿಡು. ಅವರ ಮನೆಯೂ ಹೌದಲ್ಲ ಅದು. ಹಾಗಂತ ಗಿಳಿ ತರುತ್ತೇನೆ ಅನ್ನಬೇಡ, ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ.

ಮನೆಯಲ್ಲಿ ಯಾರಿಗಾದರೂ ಉಬ್ಬಸ, ಅಲರ್ಜಿ ಇದ್ದರೆ ಬೆಕ್ಕಿರುವ ಗೆಳತಿಯ ಮನೆಗೆ ಹೋಗಿ ಒಂದು ಮಧ್ಯಾಹ್ನ ಕೂತು ಬನ್ನಿ. ಅಲರ್ಜಿ ತರಿಸುವುದು ಮುಖ್ಯವಾಗಿ ಅದರ ಎಂಜಲು. ಮೈ ನೆಕ್ಕಿ ನೆಕ್ಕಿ ಕೂದಲಿಗೆಲ್ಲ ಹಚ್ಚಿಕೊಂಡಿರುತ್ತದೆ. ಕೂದಲು ಕಡಿಮೆ ಉದುರುವ ಜಾತಿ ತಂದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುವುದನ್ನು ಪೂರ್ತಿ ನಂಬಬೇಡ.

ಇನ್ನು ಆ ಫೋಟೋ. ಪರ್ಷಿಯನ್ ಬೆಕ್ಕಿನ ಮೂತಿ ಚಪ್ಪಟೆ ಮಾಡಲು ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದ್ದಾರೆ. ಮೂಗಿನ ದಾರಿ ಇಕ್ಕಟ್ಟಾಗಿದೆ, ಉಸಿರು ಗೊರಗೊರ ಅನ್ನುತ್ತದೆ. ಕಣ್ಣೀರು ಮೂಗಿಗೆ ಇಳಿಯುವ ನಾಳ ಮಡಿಚಿಹೋಗಿ ಕೆನ್ನೆಯ ಮೇಲೆ ಕಂದು ಗೆರೆ ಕಟ್ಟುತ್ತದೆ, ದಿನಾ ಒರೆಸಬೇಕು. ಕೂದಲು ದಿನಾ ಬಾಚದಿದ್ದರೆ ಚರ್ಮಕ್ಕೆ ಅಂಟಿ ಜಡೆಗಟ್ಟುತ್ತದೆ. ಆ ಜಡೆ ಕತ್ತರಿಸಲು ಮತ್ತು ಬರಿಸಿ ಮಲಗಿಸಬೇಕಾದ ಬೆಕ್ಕುಗಳನ್ನು ನಾನು ಕಂಡಿದ್ದೇನೆ. ಅದರ ಮೇಲೆ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ವಂಶದ ರೋಗ ಈ ಜಾತಿಯಲ್ಲಿ ಉಂಟು. ತಾಯಿ ತಂದೆಯಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮರಿಗೂ ಅರ್ಧಕ್ಕರ್ಧ ಅಪಾಯ. ಆ ಮರಿಯ ತಾಯಿ ತಂದೆಗೆ ಪರೀಕ್ಷೆ ಆಗಿದೆಯೇ ಎಂದು ಮಾರುವವರನ್ನು ಕೇಳಿ ನೋಡು. ತಾಯಿಯನ್ನು ತೋರಿಸಿ ಅನ್ನು. ತೋರಿಸಲು ಹಿಂಜರಿದರೆ ಅಲ್ಲಿಂದ ಎದ್ದು ಬಾ.

ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್ ಬೇಕು ಅಂತಲೂ ನೀನು ಒಮ್ಮೆ ಅಂದಿದ್ದೆ. 1961ರಲ್ಲಿ ಸ್ಕಾಟ್ಲೆಂಡಿನ ಒಂದು ಹೊಲಮನೆಯಲ್ಲಿ ಕಂಡ ಸೂಸಿ ಎಂಬ ಬಿಳಿ ಬೆಕ್ಕಿನಿಂದ ಆ ಸಂತತಿ ಶುರುವಾದದ್ದು. ಕಿವಿ ಮಡಚುವುದು ಮೃದ್ವಸ್ಥಿಯ ದೋಷದಿಂದ. ಮೃದ್ವಸ್ಥಿ ಕಿವಿಯಲ್ಲಿ ಮಾತ್ರ ಇರುತ್ತದೆಯೇ? ಕಾಲಿನ ಗೆಣ್ಣು, ಬಾಲದ ಕೀಲು, ಎಲ್ಲ ಕಡೆ ಅದೇ ದೋಷ. ಅದು ಗೊಂಬೆಯ ಥರ ಕಾಲು ಚಾಚಿ ಕೂರುವುದನ್ನು ಇನ್‌ಸ್ಟಾಗ್ರಾಮಿನಲ್ಲಿ ನೋಡಿ ಎಲ್ಲರೂ ಮುದ್ದು ಎನ್ನುತ್ತಾರೆ. ಎಷ್ಟೋ ಸಲ ಅದು ನೋವಿಗೆ ಕಂಡುಕೊಂಡ ಭಂಗಿ. ನೆದರ್ಲೆಂಡ್ಸ್‌ನಲ್ಲಿ ಈ ಜಾತಿಯ ಸಂತಾನ ಮಾಡಿಸುವುದನ್ನೇ ನಿಷೇಧಿಸಿದ್ದಾರೆ.

ನನ್ನನ್ನು ಕೇಳಿದರೆ ನಾಟಿ ಬೆಕ್ಕು ತಾ. ಹೆಸರಿಲ್ಲದ, ರೇಟಿಲ್ಲದ, ಬೂದಿ ಪಟ್ಟೆಯದ್ದೋ ಕಪ್ಪು ಬಿಳುಪಿನದ್ದೋ. ಬೆಂಗಳೂರಿನಲ್ಲಿ ಅದಕ್ಕೇನು ಬರ? ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೇ ಹುಟ್ಟಿರುತ್ತವೆ. ಸೆಕ್ಯೂರಿಟಿಯವರನ್ನು ಕೇಳು, ಅವರಿಗೆ ಎಲ್ಲ ಮರಿಗಳ ಜಾತಕ ಗೊತ್ತಿರುತ್ತದೆ. ಬೀದಿಯಿಂದ ಎತ್ತಿ ತಂದು ಸಲಹಿ, ಮನೆ ಹುಡುಕಿಕೊಡುವ ಹುಡುಗ ಹುಡುಗಿಯರೂ ಇದ್ದಾರೆ. ಅವರು ನಿನ್ನನ್ನೇ ನೂರು ಪ್ರಶ್ನೆ ಕೇಳುತ್ತಾರೆ. ಸಿಟ್ಟಾಗಬೇಡ, ಕೇಳುವವರೇ ಒಳ್ಳೆಯವರು. ಕಪ್ಪು ಮರಿಯನ್ನು ಯಾರೂ ಒಯ್ಯುವುದಿಲ್ಲ, ಅಡ್ಡ ಹೋದರೆ ಅಪಶಕುನವಂತೆ. ಒಂಬತ್ತನೇ ಮಹಡಿಯ ಹಾಲಿನಲ್ಲಿ ಅದು ದಿನಕ್ಕೆ ಐವತ್ತು ಸಲ ಅಡ್ಡ ಹೋಗುತ್ತದೆ, ನಿನ್ನ ಅತ್ತೆಯವರಿಗೂ ಅಭ್ಯಾಸವಾಗುತ್ತದೆ.

ವಯಸ್ಸು ನೋಡು. ಕಣ್ಣು ಬಿಟ್ಟು ನಾಲ್ಕು ದಿನವಾದ ಮರಿಯನ್ನು ಮುದ್ದಿಗೆ ಬಿದ್ದು ತರಬೇಡ. ಎಂಟು ವಾರ ತುಂಬಿರಬೇಕು, ಹತ್ತು ಹನ್ನೆರಡು ವಾರವಾದರೆ ಇನ್ನೂ ಒಳ್ಳೆಯದು. ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಅದು ಒಡಹುಟ್ಟಿದವುಗಳ ಜೊತೆ ಆಡಿಯೇ ಕಲಿಯಬೇಕು. ಹಾಗೆಯೇ ಎರಡನೇ ವಾರದಿಂದ ಏಳನೇ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಮುಂದೆ ಜನರನ್ನು ನಂಬುತ್ತದೆ. ಆ ಹೊತ್ತಿನಲ್ಲಿ ಮನುಷ್ಯರನ್ನೇ ಕಾಣದ್ದು ಜೀವಮಾನವೆಲ್ಲ ಮಂಚದಡಿಯಲ್ಲಿ ಕಳೆಯಬಹುದು. ನೀವಿಬ್ಬರೂ ಬೆಳಿಗ್ಗೆ ಹೋಗಿ ರಾತ್ರಿ ಬರುವವರು, ಅತ್ತೆಯವರು ವರ್ಷದಲ್ಲಿ ಅರ್ಧ ಊರಲ್ಲಿ. ಹಾಗಿದ್ದ ಮೇಲೆ ಎರಡು ಮರಿಗಳನ್ನು ಒಟ್ಟಿಗೆ ತಾ, ಇಲ್ಲವೇ ಮೂರ್ನಾಲ್ಕು ವರ್ಷದ ಬೆಳೆದ ಬೆಕ್ಕನ್ನು ತಾ. ಬೆಳೆದದ್ದರ ಗುಣ ಆಗಲೇ ಗೊತ್ತಾಗಿರುತ್ತದೆ, ಪರದೆ ಹತ್ತುವ ವಯಸ್ಸೂ ಮುಗಿದಿರುತ್ತದೆ. ಮರಿಯ ಮೋಹದಲ್ಲಿ ಜನ ಅವನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಆರಿಸುವಾಗ ಅವಸರ ಬೇಡ. ನೆಲದ ಮೇಲೆ ಕೂತು ಸುಮ್ಮನಿರು, ತಾವಾಗಿ ಬರಲಿ. ಮೊದಲು ಓಡಿ ಬಂದದ್ದೇ ಒಳ್ಳೆಯದು ಅಂತಲ್ಲ. ಸ್ವಲ್ಪ ದೂರ ನಿಂತು, ನೋಡಿ, ಆಮೇಲೆ ಮೂಸಲು ಬರುವುದೂ ಗಟ್ಟಿ ಜೀವವೇ. ಕೈಗೆ ಬಂದ ಮೇಲೆ ಪರೀಕ್ಷೆ ಮಾಡು. ಕಿವಿ ಮಡಚಿ ಒಳಗೆ ನೋಡು, ಕಾಫಿಪುಡಿಯಂಥ ಕಪ್ಪು ಕಸ ಇದ್ದರೆ ಕಿವಿಯ ನುಸಿ. ವಾಸಿಯಾಗುತ್ತದೆ, ಆದರೆ ಮನೆಗೆ ತರುವ ಮೊದಲು ಔಷಧಿ ಬೀಳಲಿ. ತುಟಿ ಎತ್ತು, ವಸಡು ತಿಳಿಗೆಂಪಾಗಿರಬೇಕು. ಬಿಳಚಿಕೊಂಡಿದ್ದರೆ ಚಿಗಟವೋ ಹುಳುವೋ ರಕ್ತ ಹೀರಿದೆ. ಮೈ ಸಣಕಲು, ಹೊಟ್ಟೆ ಮಾತ್ರ ಡುಬ್ಬ ಅಂದರೆ ಜಂತುಹುಳ. ಮುಖ, ಕಿವಿಯ ತುದಿ, ಮುಂಗಾಲಿನ ಮೇಲೆ ದುಂಡಗೆ ಕೂದಲು ಉದುರಿ ಹೊಟ್ಟೆದ್ದಿದ್ದರೆ ಹುಳುಕಡ್ಡಿ, ಅದು ನಿಮಗೂ ಹತ್ತುತ್ತದೆ. ಕಣ್ಣಿನ ಪಿಸುರು, ಸೀನು ಇದ್ದರೆ ಇಡೀ ಹಿಂಡಿಗೇ ಇರುತ್ತದೆ, ವಾಸಿಯಾದ ಮೇಲೆ ತಾ. ಗಂಡೋ ಹೆಣ್ಣೋ ಗೊತ್ತಾಗದಿದ್ದರೆ ಬಣ್ಣವೇ ಅರ್ಧ ಹೇಳುತ್ತದೆ. ಕಪ್ಪು, ಕೇಸರಿ, ಬಿಳುಪು ಮೂರೂ ಸೇರಿದ್ದು ಹೆಚ್ಚುಕಮ್ಮಿ ಹೆಣ್ಣೇ. ಕೇಸರಿ ಬಣ್ಣದ ಜೀನು ಎಕ್ಸ್ ವರ್ಣತಂತುವಿನ ಮೇಲಿದೆ, ಎರಡು ಬಣ್ಣ ಒಟ್ಟಿಗೆ ಬರಲು ಎರಡು ಎಕ್ಸ್ ಬೇಕಲ್ಲ. ಪೂರ್ತಿ ಕೇಸರಿಯಾದರೆ ಐದರಲ್ಲಿ ನಾಲ್ಕು ಗಂಡು.

ಇನ್ನು ಮನೆ ಸಿದ್ಧ ಮಾಡುವುದು. ಮೊದಲು ಬಾಲ್ಕನಿ. ಬೆಕ್ಕು ಎತ್ತರದಿಂದ ಬಿದ್ದರೂ ಕಾಲ ಮೇಲೇ ಇಳಿಯುತ್ತದೆ, ಏನೂ ಆಗುವುದಿಲ್ಲ ಅನ್ನುವವರು ನಿನಗೆ ಸಿಗುತ್ತಾರೆ. ಆ ಮಾತಿಗೆ ಆಧಾರ ಕೇಳಿದರೆ 1987ರ ನ್ಯೂಯಾರ್ಕಿನ ಒಂದು ವರದಿ ಹೇಳುತ್ತಾರೆ. ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳು ಆಸ್ಪತ್ರೆಗೆ ಬಂದಿದ್ದವು, ಚಿಕಿತ್ಸೆ ಪಡೆದವುಗಳಲ್ಲಿ ಶೇ. 90ರಷ್ಟು ಉಳಿದವು. ಆದರೆ ಬಿದ್ದಲ್ಲೇ ಸತ್ತದ್ದನ್ನು ಯಾರಾದರೂ ಆಸ್ಪತ್ರೆಗೆ ಎತ್ತಿಕೊಂಡು ಹೋಗುತ್ತಾರೆಯೇ? ಬದುಕಿದವಕ್ಕೂ ದವಡೆ ಸೀಳಿತ್ತು, ಎದೆಯಲ್ಲಿ ಗಾಳಿ ತುಂಬಿತ್ತು, ಕಾಲು ಮುರಿದಿತ್ತು. ಪಾರಿವಾಳದ ಹಿಂದೆ ಹಾರಿದ ಬೆಕ್ಕಿಗೆ ಮಹಡಿಯ ಲೆಕ್ಕ ಗೊತ್ತಿರುವುದಿಲ್ಲ. ನಿಮ್ಮ ಬಾಲ್ಕನಿಗೆ ಹಾಕಿರುವ ಪಾರಿವಾಳದ ನೈಲಾನ್ ಬಲೆಯನ್ನು ನಂಬಬೇಡ. ಬಿಸಿಲಿಗೆ ಲಡ್ಡಾಗಿರುತ್ತದೆ, ಬೆಕ್ಕು ಕಚ್ಚಿದರೆ ತುಂಡಾಗುತ್ತದೆ. ಗಟ್ಟಿ ಜಾಲರಿ ಹಾಕಿಸು. ಬಾತ್‌ರೂಮಿನ ಕಿಟಕಿಯ ಗಾಜಿನ ಪಟ್ಟಿಗಳ ಸಂದಿಯನ್ನೂ ನೋಡು, ಮೀಸೆ ತೂರಿದಲ್ಲಿ ಮರಿ ತೂರುತ್ತದೆ.

ಎರಡನೆಯದು ದಾರ. ನೀನು ನಗುತ್ತೀಯ, ನೂಲಿನುಂಡೆಯ ಜೊತೆ ಆಡುವ ಬೆಕ್ಕಿನ ಚಿತ್ರ ನಿನ್ನ ಮಗ್ಗಿನ ಮೇಲೇ ಇದೆ. ಒಮ್ಮೆ ಒಂದು ಮನೆಯವರು ವಾಂತಿ ಮಾಡುತ್ತಿದ್ದ ಬೆಕ್ಕನ್ನು ಬುಟ್ಟಿಯಲ್ಲಿ ತಂದರು. ಊಟ ಬಿಟ್ಟು ಎರಡು ದಿನ, ಹೊಟ್ಟೆ ಮುಟ್ಟಿದರೆ ಗುರುಗುಡುತ್ತದೆ. ಬಾಯಿ ತೆರೆಸಿ, ಗದ್ದದ ಕೆಳಗಿನಿಂದ ಹೆಬ್ಬೆರಳಿನಲ್ಲಿ ಒತ್ತಿ ನಾಲಿಗೆ ಎತ್ತಿಸಿದೆ. ನಾಲಿಗೆಯ ಬುಡಕ್ಕೆ ಒಂದು ದಾರ ಸುತ್ತಿಕೊಂಡು, ಮಾಂಸ ಕೊರೆದು, ಎರಡೂ ತುದಿ ಗಂಟಲೊಳಗೆ ಇಳಿದಿತ್ತು. ಮುಡಿದು ಬಿಸಾಡಿದ ಮಲ್ಲಿಗೆ ದಂಡೆಯ ದಾರ. ಬೆಕ್ಕಿನ ನಾಲಿಗೆಯ ಮುಳ್ಳುಗಳೆಲ್ಲ ಹಿಮ್ಮುಖ, ಒಮ್ಮೆ ಸಿಕ್ಕಿದ ದಾರವನ್ನು ಅದು ಬೇಕೆಂದರೂ ಉಗುಳಲಾರದು. ದಾರದ ಒಂದು ಕಡೆ ನಾಲಿಗೆಯಲ್ಲಿ ಸಿಕ್ಕಿರುತ್ತದೆ, ಕರುಳು ಉಳಿದದ್ದನ್ನು ಮುಂದೆ ತಳ್ಳುತ್ತಲೇ ಇರುತ್ತದೆ. ಕರುಳೆಲ್ಲ ದಾರದ ಮೇಲೆ ನೆರಿಗೆಗಟ್ಟಿ, ಕೊನೆಗೆ ದಾರವೇ ಕರುಳನ್ನು ಕೊಯ್ಯುತ್ತದೆ. ಇಂಥ ಹೊತ್ತಿನಲ್ಲಿ ಬಾಯಲ್ಲೋ ಹಿಂದೆಯೋ ದಾರದ ತುದಿ ಕಂಡರೆ ಎಳೆಯಲೇಬೇಡ, ಹಾಗೇ ಡಾಕ್ಟರ ಹತ್ತಿರ ಒಯ್ಯಿ. ದೇವರ ಕೋಣೆಯ ನಿರ್ಮಾಲ್ಯ, ಸೂಜಿದಾರದ ಡಬ್ಬಿ, ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡು, ಹಬ್ಬಕ್ಕೆ ತೂಗುಬಿಡುವ ಜರಿ, ಎಲ್ಲ ಮುಚ್ಚಳದೊಳಗಿರಲಿ.

ವಿಷದ ಮಾತು ಬೇಗ ಮುಗಿಸುತ್ತೇನೆ. ಲಿಲ್ಲಿ ಹೂವಿನ ಬೊಕೆ ಮನೆಯೊಳಗೆ ಬರಕೂಡದು. ಎಲೆ, ಪರಾಗ, ಹೂದಾನಿಯ ನೀರು ಯಾವುದು ಹೊಟ್ಟೆಗೆ ಹೋದರೂ ಎರಡು ಮೂರು ದಿನದಲ್ಲಿ ಮೂತ್ರಪಿಂಡ ನಿಲ್ಲುತ್ತದೆ. ಮೈ ಬಿಸಿಯಾಗಿದೆ ಅಂತ ಪ್ಯಾರಾಸಿಟಮಾಲ್ ಕೊಡಬೇಡ. ನಮಗೆ ಜ್ವರ ಇಳಿಸುವ ಅದೇ ಮಾತ್ರೆಯ ಅರ್ಧ ಭಾಗ ಬೆಕ್ಕಿನ ಪ್ರಾಣ ತೆಗೆಯಬಹುದು. ಅದನ್ನು ಕಳೆಯುವ ಕಿಣ್ವ ಅದರ ಪಿತ್ತಜನಕಾಂಗದಲ್ಲಿ ಸಾಲದು. ನಾಯಿಯ ಉಣ್ಣೆಗೆ ಹಾಕುವ ಹನಿಯನ್ನು ಬೆಕ್ಕಿಗೆ ಹಾಕಬೇಡ, ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಸೆಳೆತ ಬಂದು ಸಾಯುತ್ತದೆ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಹುಳಿ, ಕಪಾಟಿನ ನುಸಿಗುಳಿಗೆ, ಕರ್ಪೂರ, ಇವೂ ದೂರ. ವಾಷಿಂಗ್ ಮೆಷಿನ್ ಹಾಕುವ ಮೊದಲು ಒಳಗೆ ಇಣುಕಿ ನೋಡುವುದನ್ನು ರೂಢಿ ಮಾಡಿಕೊ, ಬೆಚ್ಚಗಿನ ಬಟ್ಟೆಯ ನಡುವೆ ಮಲಗಿರುತ್ತದೆ.

ಈಗ ಅಳಿಯಂದಿರ ಪಾಲು. ಬೆಕ್ಕಿನ ಕಕ್ಕಸು. ಅಗಲವಾದ ಟ್ರೇ ತೆಗೆದುಕೊ, ಬೆಕ್ಕು ಒಳಗೆ ನಿಂತು ಸುತ್ತು ತಿರುಗುವಷ್ಟು. ಹಿತ್ತಲ ಮಣ್ಣಿನ ಬದಲಿಗೆ ಅದರಲ್ಲಿ ಮೂರು ನಾಲ್ಕು ಬೆರಳಿನಷ್ಟು ಲಿಟರ್. ಪರಿಮಳದ್ದು ಬೇಡ, ನಮಗೆ ಹಿತವಾದ ಲ್ಯಾವೆಂಡರ್ ವಾಸನೆ ಅದಕ್ಕೆ ಹಿಂಸೆ. ಬೆಕ್ಕು ಒಂದಾದರೆ ಟ್ರೇ ಎರಡು, ಎರಡಾದರೆ ಮೂರು. ಊಟದ ಜಾಗದಿಂದ ದೂರ, ಗದ್ದಲವಿಲ್ಲದ ಕಡೆ. ದಿನಕ್ಕೆ ಎರಡು ಸಲ ಎತ್ತಬೇಕು. ಬೆಕ್ಕು ಹಾಸಿಗೆಯ ಮೇಲೆ ಮಾಡಿತು ಅಂತ ಜನ ದೂರುತ್ತಾರೆ. ಹೋಗಿ ನೋಡಿದರೆ ಟ್ರೇ ಮೂರು ದಿನದಿಂದ ಹಾಗೇ ಇರುತ್ತದೆ. ನಾಳೆ ನೀನು ಬಸುರಿಯಾದರೆ ಎಲ್ಲರೂ ಬೆಕ್ಕನ್ನು ಹೊರಗೆ ಹಾಕು ಅನ್ನುತ್ತಾರೆ. ಹಾಕಬೇಕಾಗಿಲ್ಲ. ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯ ಭಯ ಅದು. ಮಲದೊಡನೆ ಹೊರಬಿದ್ದ ಅದರ ಕೋಶಕ್ಕೆ ಸೋಂಕು ಹಚ್ಚುವ ಶಕ್ತಿ ಬರಲು ಕನಿಷ್ಠ ಒಂದು ದಿನ ಬೇಕು. ಟ್ರೇ ದಿನಾ ಖಾಲಿಯಾಗುತ್ತಿರಲಿ, ಆ ಕೆಲಸ ಗಂಡನೇ ಮಾಡಲಿ, ಬೆಕ್ಕಿಗೆ ಹಸಿ ಮಾಂಸ ಬೇಡ, ನೀನು ಸೊಪ್ಪು ತರಕಾರಿ ಚೆನ್ನಾಗಿ ತೊಳೆದು ತಿನ್ನು. ನಿನ್ನ ಹೆರಿಗೆ ಡಾಕ್ಟರಿಗೆ ಮನೆಯಲ್ಲಿ ಬೆಕ್ಕಿದೆ ಎಂದು ಮಾತ್ರ ಹೇಳಿರು.

ಉಗುರು ಮಸೆಯಲು ಹಲಸಿನ ಮರ ಇಲ್ಲವಲ್ಲ. ಬೆಕ್ಕು ಹಿಂಗಾಲ ಮೇಲೆ ನಿಂತು ಮೈ ಪೂರ್ತಿ ಚಾಚುವಷ್ಟು ಎತ್ತರದ ಕಂಬಕ್ಕೆ ಸೆಣಬಿನ ಹಗ್ಗ ಬಿಗಿಯಾಗಿ ಸುತ್ತಿ, ಅಲ್ಲಾಡದಂತೆ ಸೋಫಾದ ಪಕ್ಕದಲ್ಲೇ ನಿಲ್ಲಿಸು. ಅಟ್ಟದ ಬದಲಿಗೆ ಕಪಾಟಿನ ನೆತ್ತಿ ಖಾಲಿ ಮಾಡಿ ಬಟ್ಟೆ ಹಾಸು. ಇಲಿಯ ಬದಲಿಗೆ ನೀನು. ಕೋಲಿಗೆ ಗರಿ ಕಟ್ಟಿ ಬೆಳಿಗ್ಗೆ ಸಂಜೆ ಹತ್ತು ಹತ್ತು ನಿಮಿಷ ಓಡಿಸು, ಕೊನೆಗೆ ಹಿಡಿಯಲು ಬಿಡು, ಹಿಡಿದ ಮೇಲೆ ಊಟ ಕೊಡು. ಆಟ ಮುಗಿದ ಮೇಲೆ ಕೋಲು ಕಪಾಟಿನೊಳಗೆ, ಅದರಲ್ಲೂ ದಾರವಿದೆ. ಬರಿಗೈ ಆಡಿಸಿ ಕಚ್ಚಿಸಿಕೊಳ್ಳಬೇಡ, ಮರಿಯಾಗಿದ್ದಾಗ ಕಲಿಸಿದ್ದನ್ನು ದೊಡ್ಡದಾದ ಮೇಲೆ ಮರೆಸಲಾಗದು.

ತರುವ ದಿನ ಮುಚ್ಚಳವಿರುವ ಗಟ್ಟಿ ಬುಟ್ಟಿಯಲ್ಲಿ ತಾ, ಮಡಿಲಲ್ಲಿ ಕೂರಿಸಿಕೊಂಡು ಆಟೋದಲ್ಲಿ ಅಲ್ಲ. ಅದರ ಹಳೆಯ ಹಾಸಿಗೆಯ ಒಂದು ತುಂಡು ಬಟ್ಟೆಯೂ ಜೊತೆಗೆ ಬರಲಿ. ಇಡೀ ಮನೆ ತೋರಿಸಬೇಡ. ಒಂದು ರೂಮು, ಅದರಲ್ಲಿ ಟ್ರೇ, ನೀರು, ಊಟ, ಅಡಗಲು ಒಂದು ರಟ್ಟಿನ ಡಬ್ಬಿ. ಬುಟ್ಟಿಯ ಬಾಗಿಲು ತೆಗೆದು ನೀನು ಗೋಡೆಗೊರಗಿ ಪುಸ್ತಕ ಓದುತ್ತ ಕೂರು. ಮೊದಲ ಒಂದೆರಡು ದಿನ ಹೊರಗೇ ಬರದಿರಬಹುದು, ರಾತ್ರಿ ಅಳಬಹುದು. ಎಳೆದು ತೆಗೆಯಬೇಡ, ನೆಂಟರನ್ನು ಕರೆದು ತೋರಿಸಬೇಡ. ಕಣ್ಣಿಗೆ ಕಣ್ಣಿಟ್ಟು ನೋಡುವುದು ಬೆಕ್ಕಿನ ಲೋಕದಲ್ಲಿ ಜಗಳ. ನಿಧಾನವಾಗಿ ಕಣ್ಣು ಕಿರಿದು ಮಾಡಿ ಮುಚ್ಚಿ ತೆರೆ, ಅದೂ ಹಾಗೇ ಮಾಡೀತು. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ನಿನ್ನ ಅಜ್ಜಿ ಯಾವ ವಿಶ್ವವಿದ್ಯಾಲಯಕ್ಕೂ ಹೋಗದೆ ಒಲೆಯ ಮುಂದೆ ಕೂತು ಅದನ್ನೇ ಮಾಡುತ್ತಿದ್ದಳು.

ಲಸಿಕೆ ತಪ್ಪಿಸಬೇಡ. ಆರರಿಂದ ಎಂಟು ವಾರಕ್ಕೆ ಮೂರು ರೋಗಗಳದ್ದು ಸೇರಿದ ಚುಚ್ಚುಮದ್ದು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ. ಹನ್ನೆರಡು ವಾರವಾದ ಮೇಲೆ ರೇಬಿಸ್ ಲಸಿಕೆ, ಮುಂದೆ ಡಾಕ್ಟರು ಹೇಳಿದ ಹಾಗೆ ತಪ್ಪದೆ. ಮನೆಯಿಂದ ಹೊರಗೆ ಹೋಗದ ಬೆಕ್ಕಿಗೆ ಯಾಕೆ ಎಂದು ಕೇಳುವವರಿದ್ದಾರೆ. ಆ ಮೂರು ರೋಗಗಳಲ್ಲಿ ಒಂದಾದ ಪ್ಯಾನ್‌ಲ್ಯೂಕೋಪೀನಿಯಾದ ವೈರಸ್ಸು ನಿನ್ನ ಚಪ್ಪಲಿಯಲ್ಲೇ ಒಳಗೆ ಬರುತ್ತದೆ, ನೆಲದಲ್ಲಿ ವರ್ಷವಾದರೂ ಸಾಯುವುದಿಲ್ಲ. ಲಸಿಕೆಯಾಗದ ಬೆಕ್ಕು ಪರಚಿದರೆ, ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ ಮೆತ್ತಿ ಕೂರಬೇಡ. ನಾಲ್ಕೈದು ತಿಂಗಳಾಗುತ್ತಿದ್ದಂತೆ ಸಂತಾನಹರಣ ಮಾಡಿಸು. ನೋಡಲು ಇನ್ನೂ ಮರಿ ಅನಿಸುವ ಹೊತ್ತಿಗೇ ಹೆಣ್ಣು ಬಸುರಾಗಬಲ್ಲದು, ಒಂಬತ್ತು ವಾರಕ್ಕೆ ಹೆರುತ್ತದೆ. 'ಒಂದು ಸಲವಾದರೂ ತಾಯಿಯಾಗಲಿ ಪಾಪ' ಎನ್ನುವವರ ಮನೆಗೆ ಆ ನಾಲ್ಕು ಮರಿಗಳನ್ನು ಕಳಿಸಿಕೊಡುತ್ತೇನೆ ಅಂದು ನೋಡು, ಮಾತು ಅಲ್ಲಿಗೇ ನಿಲ್ಲುತ್ತದೆ.

ಕೊನೆಯದಾಗಿ, ಬೆಕ್ಕಿಗಿಂತ ಮೊದಲು ಡಾಕ್ಟರನ್ನು ಹುಡುಕು. ನಾನು ಓದಿದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆ ಇದೆ, ನಿಮ್ಮ ಏರಿಯಾದಲ್ಲೂ ಕ್ಲಿನಿಕ್ಕು ಇರುತ್ತವೆ. ರಾತ್ರಿ ತೆರೆದಿರುವುದು ಯಾವುದು ಎಂದು ಈಗಲೇ ವಿಚಾರಿಸಿ ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸು. ಬೆಕ್ಕು ನೋವನ್ನು ತೋರಿಸಿಕೊಳ್ಳುವ ಪ್ರಾಣಿಯಲ್ಲ. ಎರಡು ದಿನ ಊಟ ಬಿಟ್ಟರೆ, ಅದರಲ್ಲೂ ದಪ್ಪಗಿದ್ದರೆ, ಉಪವಾಸ ಅದಕ್ಕೆ ಒಳ್ಳೆಯದು ಅಂದುಕೊಳ್ಳಬೇಡ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಬಿಡುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುತ್ತ, ಹನಿಯೂ ಬೀಳದೆ ಕೂಗುತ್ತಿದ್ದರೆ ಮಲಬದ್ಧತೆ ಇರಬೇಕು ಅಂತ ಬೆಳಗಿನ ತನಕ ಕಾಯಬೇಡ. ಮೂತ್ರನಾಳ ಕಟ್ಟಿರುತ್ತದೆ, ಒಂದೆರಡು ದಿನದಲ್ಲಿ ಸಾಯುತ್ತದೆ. ಆ ಹೊತ್ತಿನಲ್ಲಿ 'ದೊಡ್ಡಪ್ಪಾ, ಏನು ಮಾಡಲಿ' ಎಂದು ನನಗೆ ಫೋನ್ ಮಾಡಬೇಡ. ನಾನು ಇಲ್ಲಿ ಸಾಗರದಲ್ಲಿ ಕೂತು ಏನು ಮಾಡಿಯೇನು? ಮೊದಲು ಬುಟ್ಟಿಗೆ ಹಾಕಿ ಗಾಡಿ ಹತ್ತು, ದಾರಿಯಲ್ಲಿ ಫೋನ್ ಮಾಡು.